ಅರವತ್ತೆರಡು ಡಿಗ್ರಿ

ಅಹ್ವಾಜಿನ ಜುಲೈ. ಕಾರೂನ್ ನದಿಯ ಮೇಲಿಂದ ಬರುವ ಗಾಳಿಯೂ
ಒಲೆಯ ಬಾಯಿಂದಲೇ ಬಂದದ್ದು.
ಪ್ರಯೋಗಾಲಯದೊಳಗೆ ಇನ್ನೊಂದು ಒಲೆ,
ಅದರ ಹೊಟ್ಟೆಯಲ್ಲಿ ಮೊಳದುದ್ದದ ಕಾಂಕ್ರೀಟು,
ಬೆನ್ನಿಗೆ ಅಂಟಿಸಿದ ಕಪ್ಪು ಕಾರ್ಬನ್ ಪಟ್ಟಿ,
ತುದಿ ಕಚ್ಚಿ ಎಳೆಯುವ ಉಕ್ಕಿನ ದವಡೆ.

ಅಂಟು ಕಲಸಿದವನು ಚಾಸೆಬ್.
ಒಂದು ಡಬ್ಬಿ ಬಿಳಿ, ಒಂದು ಬೂದು,
ಒಂದೆಳೆಯೂ ಬೇರೆ ಕಾಣದ ಹಾಗೆ ತಿರುವಬೇಕು.
'ಹಲ್ವಾ ಮಗುಚಿದ ಕೈ ಇದು' ಅನ್ನುತ್ತಾನೆ.
ಅಂಗಡಿ ಮುಚ್ಚಿ ಹನ್ನೊಂದು ವರ್ಷ.

ಇಪ್ಪತ್ತು ಡಿಗ್ರಿಯಲ್ಲಿ ಎಳೆದಾಗ ಢಮ್ಮೆಂದಿತು.
ಕಿತ್ತು ಬಂದ ಪಟ್ಟಿಯ ಮೈತುಂಬ
ಕಾಂಕ್ರೀಟಿನ ಚರ್ಮ, ಮರಳು, ಜಲ್ಲಿಯ ಚೂರು.
ಸೋತದ್ದು ಅಂಟಲ್ಲ, ನಾರೂ ಅಲ್ಲ;
ಬಿಡಲೊಲ್ಲದ ಕಲ್ಲು
ತನ್ನ ಮೈಯನ್ನೇ ಹರಿದು ಜೊತೆಗೆ ಕಳಿಸಿತ್ತು.

ಅರವತ್ತೆರಡರಲ್ಲಿ ಸದ್ದೇ ಇಲ್ಲ.
ಅರ್ಧ ಭಾರಕ್ಕೇ ಜಾರಿತು ಪಟ್ಟಿ,
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.
ಇಲ್ಲಿ ಗಾಯವಿಲ್ಲ, ಅಲ್ಲಿ ಕಲೆಯಿಲ್ಲ.

ಇಷ್ಟು ಚೊಕ್ಕವಾಗಿ ಬಿಟ್ಟುಹೋಗುವುದನ್ನು
ನಾನು ಕಂಡದ್ದು ಒಮ್ಮೆ ಮಾತ್ರ:
ನೋಟರಿ ಕಚೇರಿಯ ಮೆಟ್ಟಿಲ ಮೇಲೆ
ಕೀಲಿಕೈ ನನ್ನ ಅಂಗೈಗಿಟ್ಟು
'ಟ್ಯಾಕ್ಸಿ ಸಿಗುತ್ತಲ್ಲ ನಿನಗೆ?' ಅಂದಿದ್ದ.

ಆಮೇಲೆ ಮೂರನೆಯ ತುಂಡು. ನಲವತ್ತೈದು ಡಿಗ್ರಿ,
ಮುರಿಯುವ ಭಾರದಲ್ಲಿ ಮೂರನೇ ಒಂದು ಪಾಲು,
ಏರಿಸದೆ, ಇಳಿಸದೆ, ಒಂಬತ್ತು ದಿನ.
ಏನೂ ಆಗುವುದಿಲ್ಲ. ಕಣ್ಣಿಗೆ ಏನೂ ಆಗುವುದಿಲ್ಲ.
ಮುಳ್ಳು ಮಾತ್ರ ದಿನಕ್ಕೊಂದು ಕೂದಲೆಳೆಯಷ್ಟು
ಆಚೆ ಸರಿದಿರುತ್ತದೆ.
ರಾತ್ರಿ ಪಾಳಿಯಲ್ಲಿ ಚಹಾ ಆರಿಸಿಕೊಂಡು
ನಾನು ಅದನ್ನು ಬರೆದುಕೊಳ್ಳುತ್ತೇನೆ.
ಆಗ ಯಾರಾದರೂ ಹೀಗೆ ಬರೆದಿಟ್ಟಿದ್ದರೆ!

ಇಂಜಿನಿಯರ್ ಗೊಲ್ನೂಶ್‌ಗೆ ಬೇಕಾದದ್ದು ಒಂದೇ:
ಸೇತುವೆಯ ತೊಲೆಯ ಅಡಿ ನಡುಮಧ್ಯಾಹ್ನ ಎಷ್ಟು ಕಾಯುತ್ತದೆ?
ನಾನು ಮಾಪಕ ಹುಡುಕುವಷ್ಟರಲ್ಲಿ
ಚಾಸೆಬ್ ಅಟ್ಟಣಿಗೆ ಏರಿ ಅಂಗೈ ಒತ್ತಿದ್ದ.
'ರೊಟ್ಟಿ ಬೇಯೋದಿಲ್ಲ. ಹಿಟ್ಟು ಉಬ್ಬುತ್ತೆ.'
ಮಾಪಕ ಹೇಳಿತು: ನಲವತ್ತೇಳು.

ತುದಿಗಳನ್ನು ಕಾಯಿರಿ, ಅಂದಳು ಅವಳು,
ಎರಡೂ ತುದಿಗೆ ದಪ್ಪ ಗಾರೆ, ಅದರ ಮೇಲೆ ಹೊದಿಕೆ.
ನಡುವೆ ಅಂಟು ಮೆತ್ತಗಾದರೂ
ತುದಿ ತಂಪಾಗಿದ್ದರೆ ಪಟ್ಟಿ ಹಗ್ಗದಂತೆ ಹೊರುತ್ತದೆ.
ನಮಗೆ ತುದಿಗಳು ಯಾವುವೆಂದು
ಆ ಮನೆಯಲ್ಲಿ ನಾವು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಮೇಲೆ ಕಬ್ಬಿನ ಲಾರಿಯೊಂದು ಹಾದುಹೋಯಿತು.
ತೊಲೆ ಬಗ್ಗಿತು, ಮುಳ್ಳು ಜಿಗಿಯಿತು,
ಲಾರಿ ದಾಟಿದ ಮೇಲೆ ತಿರುಗಿ ಬಂತು,
ಹೆಚ್ಚುಕಡಿಮೆ ಇದ್ದಲ್ಲಿಗೇ.

ಆ ಹೆಚ್ಚುಕಡಿಮೆಯನ್ನು
ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೆ.