ನಾಕನೇ ನಟ್ಟು

ಮೂರು ಬಂದವು.
ಮೊದಲನೇದು ಕಿರ್ ಅಂತ,
ಎರಡನೇದು ಬೈಕೋತ,
ಮೂರನೇದು ಸುಮ್ಮನ, ಹಾಲಹಲ್ಲು ಬಂದಂಗ.
ನಾಕನೇದು ಕುಂತಲ್ಲೇ ಕುಂತಿತ್ತು.

ಮುಳವಾಡ ದಾಟಿ ಅರ್ಧ ಮೈಲಿಗೆ
ಓಮ್ನಿಯ ಎಡಗಡೆ ಹಿಂದಿನ ಗಾಲಿ ಪಂಚರ್.
ಒಳಗ ಆರನೂರು ಖಡಕ್ ರೊಟ್ಟಿ,
ನಾಕು ಡಬ್ಬಿ ಶೇಂಗಾ ಹಿಂಡಿ.
ಬಾಗಲಕೋಟಿ ನವನಗರದ ಹಾಸ್ಟೆಲ್ಲಿನ್ಯಾಗ
ಹನ್ನೆರಡೂವರಿಗೆ ಗಂಟಿ ಹೊಡೀತಾರ.
ರೊಟ್ಟಿಗೆ ಅವಸರ ಇಲ್ಲ, ತಿಂಗಳ ಇಟ್ಟರೂ ಇರ್ತಾವ.
ಅವಸರ ಹುಡುಗರ ಹೊಟ್ಟಿಗೆ.

ಟೆಂಪೋದಾಂವ ಒಬ್ಬ ನಿಲ್ಲಿಸಿದ,
ಪಾನಾ ಹಾಕಿ ಜಗ್ಗಿದ.
ಆರು ಮೂಲಿಯೊಳಗ ಎರಡು ಸವದವು.
ದ್ರಾಕ್ಷಿ ತ್ವಾಟಕ್ಕ ಹೊಂಟಿದ್ದ ಮೂರು ಮಂದಿ
ಸೈಕಲ್ ಮೋಟಾರ್ ಬಂದ್ ಮಾಡಿ ಶ್ಯಾಣ್ಯಾತನ ಹಂಚಿದರು:
ಚಿಮಣಿ ಎಣ್ಣಿ ಬಿಡ್ರಿ. ಸುತ್ತಿಗಿಲೆ ಹೊಡೀರಿ.
ಬ್ಯಾರೆ ಗಾಡಿ ಕರಸ್ರಿ.
ಪಾನಾ ಮತ್ತ ಜಾರಿತು, ಉಳಿದ ಮೂಲೀನೂ ಹೋದವು.
ನಟ್ಟು ಈಗ ಚೀಪಿಟ್ಟ ಪೇಪರಮೆಂಟು.

"ಯಾವ ಪುಣ್ಯಾತ್ಮ ಬಿಗದಾನೋ ಇದನ್ನ!"
"ಗನ್ನಿಲೆ ಬಿಗದಿರ್ತಾರ,
ಸೋಲಾಪುರ ರೋಡಿನ ಟಾಯರ್ ಅಂಗಡ್ಯಾಗ."
"ಹಂಗ ಇರಬೇಕು" ಅಂದೆ.
ಕಾಲಿಡದ ಅಂಗಡಿ ಮ್ಯಾಲೆ ಅಪವಾದ ಹೊರಿಸಿ
ಸೆರಗು ತಲಿ ಮ್ಯಾಲೆ ಎಳಕೊಂಡೆ.
ಬಿಸಲು ಇತ್ತು ಅನ್ರಿ.

ಲಾಡಸಾಬ ಬಂದ, ಒಂದು ಗೋಣಿಚೀಲ, ಒಂದು ಕೆಮ್ಮು.
ನಟ್ಟು ಮುಟ್ಟಲಿಲ್ಲ. ನೋಡಿದ.
ನನ್ನ ಪಾನಾದ ಬಾಗಿದ ಹಿಡಿಕಿ ನೋಡಿದ,
ಅದರ ಮ್ಯಾಗಿನ ಒಣಾ ಮಣ್ಣು,
ಆಮ್ಯಾಲೆ ನನ್ನ ಚಪ್ಪಲಿ.
ಜಾಕು ಇಳಿಸುವಾಗ, ನನಗಷ್ಟ ಕೇಳೂವಂಗ,
"ಕಾಲಿಲೆ ಬಿಗದದ್ದು ಕೈಲೆ ಬರೂದಿಲ್ಲ, ಅಕ್ಕಾ."

ಹೋದ ಸಂಕ್ರಾಂತಿಗೆ, ಹೊನಗನಹಳ್ಳಿ ಹತ್ತರ,
ನನಗಿಂತ ಮುಂದ ಒಂದು ಗಾಲಿ ಹೊಂಟಿತ್ತು.
ಯಾರದಪಾ ಇದು ಅಂತ ನಕ್ಕೆ.
ಅದು ಸೂರ್ಯಪಾನದ ಹೊಲಕ್ಕ ಇಳೀತು,
ನನ್ನ ಗಾಡಿ ಕುಂಡಿ ಊರಿ ಕುಂತಿತು.
ಅವತ್ತಿನಿಂದ ದಿನಾ ರಾತ್ರಿ, ಹಂಚು ಆರಿದ ಮ್ಯಾಲೆ,
ಮಾಳಿಗಿ ಹಿಡಕೊಂಡಂಗ ಓಮ್ನಿ ಟಾಪು ಹಿಡಕೊಂಡು
ಪಾನಾದ ಮ್ಯಾಲೆ ಹತ್ತಿ ನಿಂತು
ಮೂರು ಸಲ ಜಿಗೀತೇನಿ.
ಅಷ್ಟಾದರ ನಿದ್ದಿ ಬರ್ತದ.

ಒಂದು ನಂಬರು ಸಣ್ಣ ಗೋಟಿ ಇಟ್ಟು
ಸುತ್ತಿಗಿಲೆ ಜಡದ, ನಟ್ಟಿನ ತಲಿ ಕಚ್ಚೂತನಕ.
ಹಿಡಿಕಿಗೆ ಬೋರಿನ ಪೈಪಿನ ತುಂಡು ಏರಿಸಿದ.
ಆಮ್ಯಾಲೆ ಉಲ್ಟಾ ತಿರುವಿದ!
"ಏ ಸಾಬಾ, ಅದು ಬಿಗಿಯೂ ಕಡೆ!" ಒದರಿದರು ಮೂವರೂ.
"ಹೌದು, ಕೂದಲಷ್ಟು.
ಬಿಚ್ಚಾಕ ಬಂದೇವಿ ಅಂತ ಅದಕ್ಕ ಗೊತ್ತಾಗಬಾರದು."
ಒಂದು ಉಸರು ಬಿಟ್ಟ. ಈ ಕಡೆ ಜಗ್ಗಿದ.

ಟಕ್.

ಖಡಕ್ ರೊಟ್ಟಿ ಮುರದಂಗ.
ನಾ ಹೊಳ್ಳಿ ನೋಡಿದ್ದು ಡಬ್ಬಿ ಕಡೆ.

ಕೆಂಪು ಹಿಟ್ಟು ಉದರಿತು ಬೋಲ್ಟಿನ ಎಳಿಯಿಂದ.
ತಂತಿ ಬ್ರಷ್ಶಿಲೆ ತಿಕ್ಕಿ,
ಹೊಸಾದನ್ನ ಎರಡು ಬಟ್ಟಿಲೆ ತಿರುವಿಕೋತ ಹೋದ,
ಮಗೂನ ಅಂಗಿ ಗುಂಡಿ ಹಾಕಿದಂಗ.
ಕಡೀಕ ಪಾನಾ, ಮುಂಗೈ, ಒಂದ ಸಲ.
"ಇಷ್ಟ."
"ಇಷ್ಟೇನಾ?"
"ಇಷ್ಟ. ಕೊಲ್ಹಾರಕ್ಕ ಒಮ್ಮಿ ನಿಂತು ನೋಡ್ರಿ."
ನೂರಾ ಐವತ್ತು ತಗೊಂಡ,
ಎರಡು ರೊಟ್ಟಿ, ಹಿಂಡಿ, ನಿಂತಲ್ಲೇ ತಿಂದ.
ಹಳೇ ನಟ್ಟು ನನ್ನ ಅಂಗೈಯಾಗ ಇಟ್ಟ.
ಇನ್ನೂ ಬಿಸಿ ಇತ್ತು.
ಮಂದಿಗೆ ಏನೂ ಹೇಳಲಿಲ್ಲ ಅಂವ.
ನಾನೂ.

ಕೊಲ್ಹಾರದ ಬ್ರಿಜ್ಜಿನ ಈಚೆ ದಂಡಿಗೆ ನಿಲ್ಲಿಸಿದೆ.
ಕೆಳಗ ಕೃಷ್ಣಾ, ಬಾಜೂಕ ಮಸರಿನ ಗಡಿಗಿ,
ಟಾಯಮು ಹನ್ನೆರಡಕ್ಕ ಹತ್ತು ಕಮ್ಮಿ.
ಪಾನಾ ಹಾಕಿದೆ, ಮುಂಗೈಲೆ ಒತ್ತಿದೆ.
ಅಲಗಲಿಲ್ಲ. ಭರೋಬರಿ ಐತಿ.
ಹೊರಡಬೇಕು.

ಮಸರಿನಾಕಿ ಕುತಗಿ ಉದ್ದ ಮಾಡಿ ಕೇಳಿದಳು,
"ಏನ್ ಮಾಡಾಕ ಹತ್ತೀರಿ ಅಕ್ಕಾರ?"
ಆಗ ನೋಡಿದೆ, ನನ್ನ ಬಲಗಾಲು
ಆಗಲೇ ಪಾನಾದ ಮ್ಯಾಲೆ.

"ಏನಿಲ್ಲವಾ," ಅಂದೆ, "ಬರೇ ಇಟ್ಟೀನಿ."