ಬುಧವಾರದ ಹುಲ್ಲು

(ಮಲಾವಿಯ ಬಲಾಕಾ. ಪುರಸಭೆಯ ಕ್ರೀಡಾಂಗಣ ಸಮಿತಿಯ ಎದುರು, ಮೈದಾನ ಕಾಯುವ ವೈಸನ್ ನಮಲೊಂಬಾ)

ಕೂರುವುದಿಲ್ಲ ಸ್ವಾಮಿ, ನಿಂತೇ ಹೇಳುತ್ತೇನೆ.
ಕೂತು ಎದ್ದರೆ ಮೊಣಕಾಲು ಲಟಕ್ಕೆನ್ನುತ್ತದೆ,
ಹತ್ತೊಂಬತ್ತು ವರ್ಷ ಅದನ್ನೂರಿಯೇ
ಗರಿಕೆ ನೆಟ್ಟವನು ನಾನು.

ಈ ನೆಲ ಯಾರದು ಎಂದು ಕೇಳಿದಿರಿ.
ಶನಿವಾರ ಫುಟ್‌ಬಾಲಿನದು.
ಭಾನುವಾರ ದೇವರದು,
ದೇವರ ಜೊತೆ ಬರುವ ನಾಲ್ಕು ಸಾವಿರ ಪ್ಲಾಸ್ಟಿಕ್ ಕುರ್ಚಿಗಳದು.
ಒಂದೊಂದಕ್ಕೆ ನಾಲ್ಕು ಕಾಲು, ಲೆಕ್ಕ ನೀವೇ ಹಾಕಿ.
ಪಾದ್ರಿ ಏಳಿ ಎಂದರೆ ಜನ ಏಳುತ್ತಾರೆ,
ಕೂರಿ ಎಂದರೆ
ಕುರ್ಚಿ ಇನ್ನೆರಡು ಬೆರಳು ಇಳಿಯುತ್ತದೆ.
ಸೋಮವಾರ ಮರಳಿನ ಬುಟ್ಟಿ ಹಿಡಿದು
ತೂತಿಗೊಂದು ಚಿಟಿಕೆ, ತೂತಿಗೊಂದು ಚಿಟಿಕೆ.
ಒಂದರಲ್ಲಿ ಕಿವಿಯೋಲೆ ಸಿಕ್ಕಿತ್ತು.
ಇನ್ನೊಂದರಲ್ಲಿ ಹಲ್ಲು,
ಗೋಲ್‌ಕೀಪರನದೋ ಭಕ್ತರದೋ ತಿಳಿಯಲಿಲ್ಲ,
ಹೂತುಬಿಟ್ಟೆ.

ಜುಲೈ ಆರಕ್ಕೆ ಬೂಟುಗಳದು.
ಚುನಾವಣೆ ಬಂದರೆ ಪಿಕಪ್ಪಿನದು:
ನಡುವೃತ್ತದಲ್ಲಿ ನಿಲ್ಲಿಸಿ ಬೋರ್‌ವೆಲ್ ಕೊಡುತ್ತೇವೆ ಎಂದರು.
ಅದು ಸುರಿಸಿದ ಎಣ್ಣೆಯ ಕಲೆ ಇನ್ನೂ ಇದೆ,
ಮಾತು ಎಲ್ಲಿ ಇಂಗಿತೋ.
ನಾನು ತಳ್ಳುಗಾಡಿಯಲ್ಲಿ ನೀರು ತರುತ್ತೇನೆ,
ಸೆಪ್ಟೆಂಬರಿನಲ್ಲಿ ಅದೂ ಇಲ್ಲ.
ಆಗ ಈ ನೆಲ ಧೂಳಿನದು,
ಮತ್ತೆ ಮಾಸ್ಟರ್ ಕಪಾಲಮುಲಾ ಅವರ ಆಡುಗಳದು.
(ಅವರೂ ಸಮಿತಿಯಲ್ಲಿದ್ದಾರೆ, ಕ್ಷಮಿಸಿ.)

ಆ ಟೈ ಕಟ್ಟಿದ ಹುಡುಗ ಬಂದಿದ್ದನಲ್ಲ,
ಕಾಲೊರಸಿನಷ್ಟು ಹಸಿರು ತುಂಡೊಂದು ಹಿಡಿದು.
ಇದು ಸಾಯುವುದೇ ಇಲ್ಲ ಅಂದ.
ಹುಟ್ಟಿದ್ದರೆ ತಾನೇ, ಅಂದುಕೊಂಡೆ.
ಆದರೂ ಮನೆಗೆ ಒಯ್ದು ಹೊಸ್ತಿಲಲ್ಲಿ ಹಾಸಿದೆ.
ನಮ್ಮ ಕೋಳಿ ಬಂತು, ಕೆದರಿತು,
ಕರಿ ರಬ್ಬರ್ ಕಾಳೊಂದನ್ನು ಕುಕ್ಕಿ
ಉಗುಳಿತು.
ತಲೆ ಓರೆ ಮಾಡಿ ನನ್ನನ್ನೇ ನೋಡಿತು,
ನಾನೇ ಮೋಸ ಮಾಡಿದ ಹಾಗೆ.
ನಡುಮಧ್ಯಾಹ್ನ ಬರಿಗಾಲಿಟ್ಟು ನೋಡಿದೆ,
ಎಂಟು ಎಣಿಸುವಷ್ಟರಲ್ಲಿ ಕಾಲು ತಾನೇ ಎದ್ದಿತು.
ನಮ್ಮಲ್ಲಿ ಒಂದು ಜೋಡಿ ಬೂಟಿಗೆ ಇಬ್ಬರು,
ಬಲಗಾಲಿನವನಿಗೆ ಬಲ, ಎಡಗಾಲಿನವನಿಗೆ ಎಡ.
ಉಳಿದ ಕಾಲಿಗೆ ಏನು ಹೇಳಲಿ?

ಇಷ್ಟು ಹೇಳಿ ಹೋಗಬೇಕೆಂದೇ ಬಂದೆ.
ಬೇಡ ಆ ಪ್ಲಾಸ್ಟಿಕ್, ಗರಿಕೆಯೇ ಇರಲಿ,
ಕಪಿಂಗಾ ಎಂದರೆ ನಮ್ಮಪ್ಪನಿಗೂ ಗೊತ್ತಿತ್ತು, ತುಳಿದರೆ ಕೆಳಗೆ ಓಡುತ್ತದೆ,
ಎಂದು.

ಆದರೆ ನಿನ್ನೆ ರಾತ್ರಿ ತಂಗಿಯ ಮಗಳು ತಡಾಲಾ
ಎನ್‌ಸಿಮಾ ತೊಳಸುತ್ತ, ತಿರುಗಿಯೂ ನೋಡದೆ ಕೇಳಿದಳು:
ಮಾವಾ, ನಿನ್ನ ಹುಲ್ಲಿಗೆ ಯಾವಾಗಲೂ
ಬುಧವಾರವೇ ಏಕೆ ದಣಿವಾಗುತ್ತದೆ?

ಬುಧವಾರ ಹುಡುಗಿಯರ ಸರದಿ.
ಗೇಟಿಗೆ ಬೀಗ ಹಾಕಿ,
ನೆಲ ಉಸಿರಾಡಲಿ, ಹೋಗಿ ತಾಯಂದಿರಾ, ಎಂದವನು ನಾನೇ.
ನೀವಲ್ಲ. ನೀವು ಬರೆದುಕೊಟ್ಟಿರಲಿಲ್ಲ.
ಶನಿವಾರಕ್ಕೆ ಹಾಗೆ ಹೇಳುವ ಧೈರ್ಯ ನನಗಿರಲಿಲ್ಲ,
ಪಾದ್ರಿಗೂ ಇಲ್ಲ, ಪಿಕಪ್ಪಿಗಂತೂ.
ಅವರು ರೈಲುಹಳಿಯ ಪಕ್ಕ ಜಲ್ಲಿಯ ಮೇಲೆ ಆಡುತ್ತಾರೆ.
ಅವಳ ಮೊಣಕಾಲೂ ನನ್ನದರಂತೆಯೇ ಆಗಿದೆ,
ಅವಳಿಗಿನ್ನೂ ಹದಿನಾರು.
ಪ್ಲಾಸ್ಟಿಕ್ಕಿಗೆ ದಣಿವಿಲ್ಲವಂತೆ, ಅದನ್ನೇ ಹಾಕಿಸು, ಸುಟ್ಟರೆ ಸುಡಲಿ, ಅಂದಳು.

ಹಾಗಾಗಿ ಸ್ವಾಮಿ, ಯಾವುದು ಒಳ್ಳೆಯದೋ ನನಗೆ ತಿಳಿಯದು.
ನಿಮ್ಮ ಮತ ನಿಮ್ಮದು.
ಬೀಗದ ಕೈ ಮಾತ್ರ ಸದ್ಯಕ್ಕೆ ನನ್ನ ಬಳಿ ಇದೆ.
ಇವತ್ತು ಬುಧವಾರ.
ಗೇಟು ತೆರೆದೇ ಬಂದಿದ್ದೇನೆ.

ಕಿಟಕಿ ಸ್ವಲ್ಪ ತೆಗೆದರೆ
ನಿಮಗೂ ಕೇಳಿಸಬಹುದು.
ಎಡಬದಿಯ ಗೋಲಿನ ಮುಂದೆ
ನನ್ನ ಗರಿಕೆ ಹರಿಯುತ್ತಿರುವ ಸದ್ದು.
ಹರಿಯಲಿ.
ನಾಳೆ ಮರಳು ತರಿಸಬೇಕು, ಎರಡು ಗಾಡಿ.
ಅದಕ್ಕೊಂದು ಸಹಿ ಬೇಕಿತ್ತು.