ಮೂವತ್ತೇಳೂವರೆ

ಜುಲೈ ತಿಂಗಳಲ್ಲಿ ಉಣ್ಣೆಯ ಕಾಲುಚೀಲ ಹಾಕಿಕೊಂಡಳು ಫುಸಾಕೊ.
ಎರಿಮೊ ಭೂಶಿರದಲ್ಲಿ ಚಳಿಗಾಳಿಯೇನು ಹೊಸತೆ, ಅಂದುಕೊಂಡೆ.
ಹುಬ್ಬಿನ ತುದಿ ಉದುರಿತ್ತು, ದನಿಗೆ ಮರಳು ಮೆತ್ತಿತ್ತು.
ಕಡಲ ತಳದಿಂದ ನಾನು ತಿರುಚಿ ಕಿತ್ತು ತಂದ ಕೊಂಬು,
ಆಳುದ್ದದ ಕಂದುಹಸಿರು ಪಾಚಿಪಟ್ಟಿ,
ಬೆಣಚುಕಲ್ಲ ಅಂಗಳದಲ್ಲಿ ಅದನ್ನು ಹಾಸುತ್ತ ಹಾಸುತ್ತ
ಅಲ್ಲೇ ಕೂತುಬಿಡುತ್ತಿದ್ದಳು,
ಯಾರೋ ಕೂಗಿದ್ದು ಕೇಳಿಸಿ, ಯಾರೆಂದು ತಿಳಿಯದವಳಂತೆ.

"ಮುದುಕಿಯಾದೆ" ಅಂದು ನಕ್ಕೆ.
ಆ ನಗುವನ್ನು ಈಗ ಎಲ್ಲಿ ಬಚ್ಚಿಡಲಿ.

ಡಾಕ್ಟರ್ ಕುಶಿಬಿಕಿ, ನಮ್ಮ ಮಗಳಿಗಿಂತ ಚಿಕ್ಕವಳು,
ಮೀನುಗಾರರ ಸಂಘದ ಕ್ಯಾಲೆಂಡರಿನ ಬೆನ್ನಿಗೆ ಗಂಟಲು ಬರೆದು
ಬುಡದಲ್ಲಿ ಎರಡು ಹುಟ್ಟು ಚಾಚಿದ ಪುಟ್ಟ ದೋಣಿ ಬರೆದಳು.
"ಥೈರಾಯ್ಡ್. ಹುಟ್ಟು ಹಾಕುವುದು ನಿಧಾನವಾಗಿದೆ.
ಅಯೋಡಿನ್ ಅತಿಯಾದರೂ ಹೀಗೇ ಕೈಚೆಲ್ಲುತ್ತದೆ.
ಮಾತ್ರೆ ಇಪ್ಪತ್ತೈದು. ಎದ್ದ ತಕ್ಷಣ, ಬರಿಹೊಟ್ಟೆಗೆ, ಬರೀ ನೀರಲ್ಲಿ.
ಅರ್ಧ ಗಂಟೆ ಬಿಟ್ಟು ಊಟ. ತೋಫು ಇನ್ನೂ ತಡವಾಗಿ.
ಮತ್ತೆ, ಕೊಂಬು ಬಿಡಿ."

ಕೊಂಬು ಬಿಡಿ!
ಅಪ್ಪನ ದೋಣಿ, ಈ ಮನೆಯ ತಗಡು, ಮಗಳ ಮದುವೆಯ ಕಿಮೋನೊ
ಯಾವುದರ ದುಡ್ಡು?
ನಿನ್ನೆ ಓದಿ ಬಂದ ಹುಡುಗಿಗೆ ಇದೆಂಥ ಕೊಂಬು ಮೂಡಿತು, ಅಂತ ಗೊಣಗಿದೆ.
ಫುಸಾಕೊ ತಲೆಬಾಗಿ "ಆಗಲಿ" ಅಂದಳು.

ಒಣಗಿದ ಅಣಬೆ, ಹೆರೆದ ಮೀನು. ಅದರ ಸಾರು.
ಒಂದು ವಾರ ಕುಡಿದೆ. ಮಳೆನೀರು.
ಅವಳು ಮಾತ್ರೆ ನುಂಗಿ, ಅರ್ಧ ಗಂಟೆ ಎಣಿಸುತ್ತ
ಹೊಸಿಲಲ್ಲಿ ಮೋಡ ನೋಡುತ್ತ ಕೂತಾಗ
ಹೆಬ್ಬೆರಳುದ್ದದ ಒಂದು ತುಂಡು, ಒಂದೇ,
ಪಾತ್ರೆಗೆ ಜಾರಿಸುತ್ತಿದ್ದೆ.
ಕುದಿ ಬರುವ ಮುಂಚೆ ತೆಗೆದು ಜೇಬಿಗೆ.
ರುಚಿಗೊಂದು ಪಾಪ, ಅದೂ ಅವಳ ಮೇಲಿನ ಪ್ರೀತಿಗೇ,
ಎಂದು ನನ್ನನ್ನೇ ನಂಬಿಸಿದೆ.

ರಕ್ತದ ಲೆಕ್ಕ ಮಾತ್ರ ತಪ್ಪು ದಾರಿಯಲ್ಲೇ ನಡೆಯಿತು.
ಇಪ್ಪತ್ತೈದು ಐವತ್ತಾಯಿತು.
ಹಿಮ ಬಿದ್ದಾಗ ಐವತ್ತು ಎಪ್ಪತ್ತೈದಾಯಿತು.
"ಒಂದು ದಿನವೂ ತಪ್ಪಿಸಲಿಲ್ಲವೆ?"
ಫುಸಾಕೊ ನೋಟುಬುಕ್ಕು ತೆರೆದಳು. ದಿನಕ್ಕೊಂದು ಸೊನ್ನೆ,
ಪೆನ್ಸಿಲಿನಲ್ಲಿ, ಸಾಲಾಗಿ, ಶಾಲೆಯ ಮಗುವಿನಂತೆ.
ಆಮೇಲೆ ಸಣ್ಣ ದನಿಯಲ್ಲಿ ಅಂದಳು:
"ಸೊನ್ನೆ ಹಾಕಿ, ನುಂಗಲು ಮರೆತಿರಬೇಕು. ಈಚೆಗೆ ಮರೆವು."

ಆಗ ನನ್ನ ಜೇಬು ವಾಸನೆ ಹೊಡೆಯಿತು.

ಕಾರಿನಲ್ಲಿ ಹೇಳಿದೆ. ವೈಪರ್ ಎರಡೂ ಕಡೆ ತಲೆಯಾಡಿಸುತ್ತಿತ್ತು.
ಹನ್ನೆರಡು ಮೈಲಿ ಅವಳು ಮಾತಾಡಲಿಲ್ಲ.
ಮನೆ ಮುಂದೆ ಬಾಗಿಲು ತೆಗೆಯುತ್ತ,
"ರುಚಿ ಗೊತ್ತಾಗುತ್ತಿತ್ತು" ಅಂದಳು,
"ನೆನಪಿನ ರುಚಿ ಅಂದುಕೊಂಡಿದ್ದೆ."

ಆಮೇಲೆ ತುಂಡಿಲ್ಲದ ಸಾರು.
ದೋಣಿಗೆ ತಾನಾಗಿ ಹುಟ್ಟು ಹಾಕುವುದು ನೆನಪಾಯಿತೋ ಏನೋ,
ಎಪ್ಪತ್ತೈದು ಈಗ ಹೆಚ್ಚಾಯಿತು.
ಎದೆ ಓಡಿತು. ಕೈ ನಡುಗಿತು.
ರಾತ್ರಿ ಎರಡಕ್ಕೆ ಎದ್ದು ಇಡೀ ಕೊಟ್ಟಿಗೆ ಗುಡಿಸಿದಳು.
ಐವತ್ತಕ್ಕೆ ಇಳಿಸಿದರು. ಆಮೇಲೆ ಇನ್ನೂ ಇಳಿಸಿ
ಒಂದು ಮಾತ್ರೆ, ಮೇಲೊಂದು ಅರ್ಧ: ಮೂವತ್ತೇಳೂವರೆ.
ಆ ಅರ್ಧ ಮಾಡುವ ಕೆಲಸ ನನ್ನದು, ಅವಳ ಅಪ್ಪಣೆ.
ಬೆಳಗಿನ ಮೂರಕ್ಕೆ ಚಾಕು ಹಿಡಿದು
ಮೆಣಸಿನಕಾಳಿಗಿಂತ ಚಿಕ್ಕದನ್ನು ಸೀಳುತ್ತೇನೆ;
ಉಳಿದರ್ಧ ಡಬ್ಬಿಯಲ್ಲಿ ನಾಳೆಗೆ.
ಸಮ ಬಂತೇ ಎಂದು ಅವಳು ದೀಪಕ್ಕೆ ಹಿಡಿದು ನೋಡುತ್ತಾಳೆ.
ನನ್ನನ್ನೂ ನೋಡುತ್ತಾಳೆ.

ಮತ್ತೆ ಜುಲೈ. ಕಾಲುಚೀಲ ಪೆಟ್ಟಿಗೆಯಲ್ಲಿದೆ.
ಒಸಾಕಾದ ವ್ಯಾಪಾರಿ ಬಂದು ಕೇಳಿದ, ಈ ಸಲದ ಬೆಳೆ ಹೇಗೆ?
ನಾಲಗೆಗೆ ಮುಟ್ಟಿಸದೆ ವರ್ಷವಾಗುತ್ತ ಬಂದವಳು
ಒಂದು ಪಟ್ಟಿಯೆತ್ತಿ ಕಿವಿಯ ಬಳಿ ಮುರಿದಳು.
ಟಪ್ ಅಂದದ್ದು ಕೇಳಿ,
"ಸಿಹಿಯಿದೆ" ಅಂದಳು.

ಆ ತುಂಡುಗಳನ್ನು ನನ್ನ ಕೈಗೆ ಕೊಡಲಿಲ್ಲ.